ದಾರಿ ಯಾರದು? ಕೆಸ್ವಿಕ್ ಕಣಿವೆಯ ಕಾಲುದಾರಿಗಳ ಕಥೆ



ಇತಿಹಾಸ ಎಂದ ಕೂಡಲೇ ನಮಗೆ ನೆನಪಾಗುವುದು ಕೋಟೆ, ಅರಮನೆ, ಶಾಸನ, ಯುದ್ಧ. ಒಂದು ಕಾಲುದಾರಿಗೂ ಇತಿಹಾಸ ಇರುತ್ತದೆ ಎಂದರೆ ನಿಮಗೆ ಸೋಜಿಗವಾಗಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಯಾರೋ ಮೊದಲು ನಡೆದದ್ದರಿಂದಲೇ ಅಲ್ಲಿ ದಾರಿ ಬಿದ್ದಿದೆ. ಆಮೇಲೆ ಯಾರೋ ಅದಕ್ಕೆ ಬೇಲಿ ಹಾಕಿರುತ್ತಾರೆ, ಇನ್ನಾರೋ ಆ ಬೇಲಿಯನ್ನು ಕಿತ್ತಿರುತ್ತಾರೆ. ದಾರಿ ಇವತ್ತು ತೆರೆದಿದೆ ಎಂದರೆ ಅದರ ಹಿಂದೆ ಒಂದು ವ್ಯಾಜ್ಯವೋ ಒಂದು ಒಪ್ಪಂದವೋ ಇದ್ದೇ ಇರುತ್ತದೆ.

ಇಂಥ ದಾರಿಗಳ ಕಥೆಯನ್ನು ತಿಳಿಯಲು ಇಂಗ್ಲೆಂಡಿನ ವಾಯವ್ಯ ಭಾಗದ ಒಂದು ಬೆಟ್ಟದ ಊರಿಗೆ ಹೋಗೋಣ. ಊರಿನ ಹೆಸರು ಕೆಸ್ವಿಕ್. ಬರೆಯುವುದು ಹಾಗೆ. ಅಲ್ಲಿಯವರು ಕರೆಯುವುದು 'ಕೆಜಿಕ್' ಎಂದು. ನಾವು ಬರೆದ ಹಾಗೆಯೇ ಓದೋಣ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂಥ ನಡಿಗೆಗಳಿಗೆ ಈ ಊರು ಹೆಸರುವಾಸಿ. ಗಟ್ಟಿಗರಿಗೆ ದೊಡ್ಡ ಬೆಟ್ಟವಿದೆ, ಮಕ್ಕಳಿಗೂ ಅಜ್ಜಿಯರಿಗೂ ಚಿಕ್ಕ ಗುಡ್ಡವಿದೆ, ಗಾಲಿಕುರ್ಚಿಯಲ್ಲಿ ಕುಳಿತವರಿಗೂ ದಾರಿಯಿದೆ. ಎಲ್ಲರಿಗೂ ಒಂದೊಂದು ದಾರಿ ಎನ್ನುವುದು ಇವತ್ತು ಸಹಜವೆಂಬಂತೆ ಕಾಣುತ್ತದೆ. ಆದರೆ ಈ 'ಎಲ್ಲರೂ' ಎಂಬ ಮಾತು ಇಷ್ಟು ಅಗಲವಾಗಲು ಇನ್ನೂರೈವತ್ತು ವರ್ಷಗಳೇ ಬೇಕಾದವು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಣಿವೆ ಮತ್ತು ಊರು

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಕೆಸ್ವಿಕ್ ಇರುವುದು 'ಲೇಕ್ ಡಿಸ್ಟ್ರಿಕ್ಟ್' ಎಂದು ಪ್ರಸಿದ್ಧವಾದ ಸರೋವರ ಸೀಮೆಯಲ್ಲಿ. ಜನಸಂಖ್ಯೆ ಸುಮಾರು ಐದು ಸಾವಿರ. ಊರಿನ ಉತ್ತರಕ್ಕೆ 931 ಮೀಟರ್ ಎತ್ತರದ ಸ್ಕಿಡ್ಡಾ ಬೆಟ್ಟ. ದಕ್ಷಿಣಕ್ಕೆ ಮೂರು ಮೈಲಿ ಉದ್ದದ ಡರ್ವೆಂಟ್‌ವಾಟರ್ ಸರೋವರ. ಸರೋವರದ ಆಚೆ ಬಾರೊಡೇಲ್ ಎಂಬ ಕಿರಿದಾದ ಕಣಿವೆ. ಪೂರ್ವದಿಂದ ಹರಿದು ಬರುವ ಗ್ರೀಟಾ ನದಿ ಊರನ್ನು ಬಳಸಿಕೊಂಡು ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದಕ್ಕೆ ಹೋಲಿಸಿದರೆ ಸ್ಕಿಡ್ಡಾ ಅರ್ಧದಷ್ಟೂ ಇಲ್ಲ. ಆದರೆ ಅಲ್ಲಿಯ ಮಳೆ, ಮಂಜು, ಗಾಳಿಗಳ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಬೇಸಿಗೆಯ ಮಧ್ಯಾಹ್ನದಲ್ಲಿಯೂ ಅರ್ಧ ಗಂಟೆಯಲ್ಲಿ ಮೋಡ ಕವಿದು ದಾರಿ ಕಾಣದಂತಾಗಬಹುದು.

ಅಲ್ಲಿಯ ಬೆಟ್ಟಗಳಿಗೆ 'ಫೆಲ್' ಎನ್ನುತ್ತಾರೆ. ಸಾವಿರ ವರ್ಷಗಳಿಗೂ ಹಿಂದೆ ಕಡಲು ದಾಟಿ ಬಂದು ನೆಲೆಸಿದ ನಾರ್ಸ್ ಜನರ ಮಾತು ಅದು. ಕೆಸ್ವಿಕ್ ಎಂಬ ಹೆಸರಿಗೆ ಚೀಸ್ ತಯಾರಿಸುವ ಹಟ್ಟಿ ಎಂಬ ಅರ್ಥವನ್ನು ವಿದ್ವಾಂಸರು ಹೇಳುತ್ತಾರೆ. ಅಂದರೆ ಇದು ಮೂಲದಲ್ಲಿ ದನ ಕುರಿಗಳ ಊರು. 1276ರಲ್ಲಿ ಇಲ್ಲಿ ಸಂತೆ ನಡೆಸಲು ರಾಜನ ಅಪ್ಪಣೆ ದೊರೆಯಿತು.

ದುಡಿಯುವವರ ದಾರಿ

ಈ ಕಣಿವೆಯ ಹಳೆಯ ದಾರಿಗಳನ್ನು ಮಾಡಿದವರು ವಿಹಾರಿಗಳಲ್ಲ. ಬಾರೊಡೇಲಿನ ಹುಲ್ಲುಗಾವಲುಗಳು ಮಧ್ಯಯುಗದಲ್ಲಿ ಫರ್ನೆಸ್ ಮತ್ತು ಫೌಂಟನ್ಸ್ ಎಂಬ ಎರಡು ಕ್ರೈಸ್ತ ಮಠಗಳ ಸ್ವತ್ತಾಗಿದ್ದವು. ಕುರಿಗಾಹಿಗಳು ಮಂದೆಯನ್ನು ಬೇಸಿಗೆಯಲ್ಲಿ ಮೇಲಕ್ಕೂ ಚಳಿಗಾಲದಲ್ಲಿ ಕೆಳಕ್ಕೂ ಹೊಡೆದುಕೊಂಡು ಹೋದ ಜಾಡುಗಳೇ ಮೊದಲ ದಾರಿಗಳು. ಹೇರು ಹೊತ್ತ ಕುದುರೆಗಳ ಸಾಲು ಕಣಿವೆಯಿಂದ ಕಣಿವೆಗೆ ದಾಟುತ್ತಿತ್ತು. ಅವುಗಳಿಗಾಗಿ ಕಟ್ಟಿದ ಆಶ್‌ನೆಸ್ ಎಂಬಲ್ಲಿಯ ಪುಟ್ಟ ಕಲ್ಲುಸೇತುವೆಯನ್ನು ಇಂದು ಸಾವಿರಾರು ಮಂದಿ ಫೋಟೋ ತೆಗೆದುಕೊಳ್ಳುತ್ತಾರೆ.

1560ರ ದಶಕದಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ತಾಮ್ರದ ಅದಿರು ತೆಗೆಯಲು ಜರ್ಮನ್ ಗಣಿಗಾರರನ್ನು ಇಲ್ಲಿಗೆ ಕರೆಸಲಾಯಿತು. ಅವರು ಪಕ್ಕದ ನ್ಯೂಲ್ಯಾಂಡ್ಸ್ ಕಣಿವೆಯಲ್ಲಿ ಗಣಿ ತೋಡಿದರು, ಗ್ರೀಟಾ ದಂಡೆಯಲ್ಲಿ ಅದಿರು ಕರಗಿಸಿದರು. ಬಾರೊಡೇಲಿನ ಮೇಲುಭಾಗದಲ್ಲಿ ಶುದ್ಧವಾದ ಗ್ರಾಫೈಟ್ ಸಿಕ್ಕಿತು. ನಿಮ್ಮ ಕೈಯಲ್ಲಿರುವ ಸೀಸದಕಡ್ಡಿಯ ಕಥೆ ಶುರುವಾಗುವುದು ಈ ಗ್ರಾಫೈಟಿನಿಂದಲೇ. ಹೀಗೆ ಕುರಿಗಾಹಿ, ಗಣಿಗಾರ, ಕಲ್ಲುಕುಟಿಗ, ಹೇರುಕುದುರೆಯವನು ಎಲ್ಲರೂ ಸೇರಿ ಬೆಟ್ಟದ ಮೇಲೆ ದಾರಿಗಳ ಬಲೆಯನ್ನೇ ನೇಯ್ದರು. 'ಇದು ನನ್ನ ಹಕ್ಕು' ಎಂದು ಅವರಲ್ಲಿ ಯಾರೂ ಬರೆದಿಡಲಿಲ್ಲ. ಬರೆದಿಡುವ ಅಗತ್ಯ ಆಗ ಬಿದ್ದಿರಲಿಲ್ಲ.

ನೋಡಲು ಬಂದವರು

1769ರ ಅಕ್ಟೋಬರಿನಲ್ಲಿ ಥಾಮಸ್ ಗ್ರೇ ಎಂಬ ಕವಿ ಕೆಸ್ವಿಕ್‌ಗೆ ಬಂದರು. ಆ ಕಾಲದ ರಸಿಕರ ಕೈಯಲ್ಲಿ ಒಂದು ಕಪ್ಪು ಛಾಯೆಯ ಉಬ್ಬುಗನ್ನಡಿ ಇರುತ್ತಿತ್ತು. ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಮೂಡುವ ಬೆಟ್ಟದ ಚಿತ್ರವನ್ನು ನೋಡಿ ಅವರು ಸಂತೋಷಪಡುತ್ತಿದ್ದರು. ಗ್ರೇ ಅವರು ಬಂದ ದಿನವೇ ಕನ್ನಡಿ ಹಿಡಿದು ಹೊರಟು, ಕೆಸರುದಾರಿಯಲ್ಲಿ ಬೆನ್ನು ಅಡಿಯಾಗಿ ಬಿದ್ದು ಕೈಗೆಣ್ಣು ತರಚಿಕೊಂಡರು. ಆದರೂ ಸೂರ್ಯಾಸ್ತವನ್ನು ನೋಡಿಯೇ ಮರಳಿದರು. ಮರುದಿನ ಬಾರೊಡೇಲಿನ ಬಾಗಿಲಲ್ಲಿರುವ ಗ್ರೇಂಜ್ ಎಂಬ ಹಳ್ಳಿಯವರೆಗೆ ಹೋಗಿ ಹಿಂದಿರುಗಿದರು. ಅಲ್ಲಿಂದ ಮುಂದೆ ಹೊರಗಿನವರಿಗೆ ಪ್ರವೇಶವಿಲ್ಲ, ಕಣಿವೆಯವರು ಮಾತ್ರ ವರ್ಷದಲ್ಲಿ ಕೆಲವು ವಾರ ದಾಟಬಲ್ಲ ಒಂದು ಕಿರುದಾರಿ ಇದೆ ಎಂದು ದಿನಚರಿಯಲ್ಲಿ ಬರೆದರು. ಗಮನಿಸಿ. ಕುರಿಗಾಹಿಗೆ ದಿನನಿತ್ಯದ ದಾರಿಯಾಗಿದ್ದುದು ಪಟ್ಟಣದ ಕವಿಗೆ ಲೋಕದ ಅಂಚಿನಂತೆ ಕಂಡಿತು.

1778ರಲ್ಲಿ ಥಾಮಸ್ ವೆಸ್ಟ್ ಎಂಬುವರು ಸರೋವರ ಸೀಮೆಗೆ ಒಂದು ಕೈಪಿಡಿ ಬರೆದರು. ಎಲ್ಲಿ ನಿಂತು ಏನನ್ನು ನೋಡಬೇಕು ಎಂದು ಅದರಲ್ಲಿ ಜಾಗಗಳನ್ನು ಗೊತ್ತುಮಾಡಿ ಹೇಳಿದರು. ಕಡಲ ಸೇವೆ ಮುಗಿಸಿ ಊರಿಗೆ ಮರಳಿದ ಪೀಟರ್ ಕ್ರಾಸ್‌ತ್ವೇಟ್ ಎಂಬುವರು ಕೆಸ್ವಿಕ್‌ನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದು, ಸರೋವರಗಳ ನಕ್ಷೆಗಳನ್ನು ಅಚ್ಚು ಹಾಕಿ ಮಾರಿದರು. ಪ್ರವಾಸೋದ್ಯಮ ಹುಟ್ಟಿದ್ದು ಹೀಗೆ. ಆದರೆ ಈ ಪ್ರವಾಸಿಗಳೆಲ್ಲ ಬಿಡುವೂ ಹಣವೂ ಇದ್ದ ಮಹನೀಯರು.

ಒಬ್ಬ ಮಹಿಳೆ ಮತ್ತು ಒಂದು ಶಿಖರ

1800ರಲ್ಲಿ ಕೋಲ್‌ರಿಜ್ ಕವಿ ಕೆಸ್ವಿಕ್‌ನ ಗ್ರೀಟಾ ಹಾಲ್ ಎಂಬ ಮನೆಗೆ ಬಂದು ನೆಲೆಸಿದರು. 1803ರಲ್ಲಿ ಅದೇ ಮನೆಗೆ ಬಂದ ಸದೇ ಕವಿ 1843ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ನೀವು ಚಿಕ್ಕಂದಿನಲ್ಲಿ ಕೇಳಿರಬಹುದಾದ ಮೂರು ಕರಡಿಗಳ ಕಥೆಯನ್ನು 1837ರಲ್ಲಿ ಮೊದಲಿಗೆ ಅಚ್ಚಿಗೆ ಕೊಟ್ಟವರು ಇವರೇ. ದಕ್ಷಿಣದಲ್ಲಿ ಹದಿನೈದು ಮೈಲಿಯೊಳಗೆ ವರ್ಡ್ಸ್‌ವರ್ತ್ ಇದ್ದರು. ಕೋಲ್‌ರಿಜ್ ಅವರು 1802ರ ಆಗಸ್ಟಿನಲ್ಲಿ ಒಬ್ಬರೇ ಒಂಬತ್ತು ದಿನ ಬೆಟ್ಟ ಸುತ್ತಿ, ಸ್ಕಾಫೆಲ್ ಶಿಖರದಿಂದ ಅಪಾಯದ ಬಂಡೆಗಳ ಮೇಲೆ ಇಳಿದು ಬಂದರು. ನಡಿಗೆಯೇ ಒಂದು ಸಂತೋಷ ಎಂಬ ಭಾವನೆ ಈ ಕವಿಗಳಿಂದ ಹರಡಿತು.

ಆದರೆ ಇಲ್ಲಿ ನಿಮಗೆ ಹೇಳಬೇಕಾದ ಹೆಸರು ಇನ್ನೊಂದಿದೆ. ವರ್ಡ್ಸ್‌ವರ್ತ್ ಅವರ ತಂಗಿ ಡೊರೊಥಿ, 1818ರ ಅಕ್ಟೋಬರ್ 7ರಂದು ತಮ್ಮ ಗೆಳತಿ ಮೇರಿ ಬಾರ್ಕರ್ ಅವರೊಡನೆ ಬಾರೊಡೇಲಿನಿಂದ ಹೊರಟು ಸ್ಕಾಫೆಲ್ ಪೈಕ್ ಶಿಖರವನ್ನು ಏರಿದರು. 978 ಮೀಟರ್ ಎತ್ತರದ ಇದು ಇಂಗ್ಲೆಂಡಿನ ಅತ್ಯುನ್ನತ ಶಿಖರ. ಆಗ ಡೊರೊಥಿಯವರಿಗೆ 46 ವರ್ಷ. ಈ ಅನುಭವವನ್ನು ಅವರು ಒಂದು ಪತ್ರದಲ್ಲಿ ಬಹಳ ಚೆನ್ನಾಗಿ ವರ್ಣಿಸಿದರು. 1822ರಲ್ಲಿ ವರ್ಡ್ಸ್‌ವರ್ತ್ ಅವರ ಸರೋವರ ಕೈಪಿಡಿ ಮತ್ತೆ ಅಚ್ಚಾದಾಗ ಆ ವರ್ಣನೆ ಅದರಲ್ಲಿ ಸೇರಿತು, ಆದರೆ ತಂಗಿಯ ಹೆಸರು ಸೇರಲಿಲ್ಲ. ಓದಿದವರು ಅದನ್ನು ಅಣ್ಣನ ಅನುಭವವೆಂದೇ ತಿಳಿದರು. ಬೆಟ್ಟ ಹೆಣ್ಣುಮಕ್ಕಳನ್ನು ತಡೆಯಲಿಲ್ಲ. ಅವರು ಏರಿದ್ದನ್ನು ದಾಖಲಿಸುವಲ್ಲಿ ಸಮಾಜ ಹಿಂದೆ ಬಿತ್ತು.

ಆ ಕೈಪಿಡಿಯಲ್ಲಿ ವರ್ಡ್ಸ್‌ವರ್ತ್ ಒಂದು ದೊಡ್ಡ ಮಾತು ಹೇಳಿದ್ದರು. ನೋಡುವ ಕಣ್ಣು, ಸವಿಯುವ ಮನಸ್ಸು ಇರುವ ಪ್ರತಿಯೊಬ್ಬರಿಗೂ ಈ ಸೀಮೆಯಲ್ಲಿ ಹಕ್ಕಿದೆ, ಇದು ಒಂದು ಬಗೆಯಲ್ಲಿ ರಾಷ್ಟ್ರದ ಆಸ್ತಿ ಎಂಬುದು ಅದರ ತಾತ್ಪರ್ಯ. ಆದರೆ 1844ರಲ್ಲಿ ಸರೋವರ ಸೀಮೆಗೆ ರೈಲು ಬರುತ್ತದೆ ಎಂದಾಗ ಅವರೇ ವಿರೋಧಿಸಿದರು. ಪಟ್ಟಣದ ಕೂಲಿಕಾರರು ಗುಂಪುಗುಂಪಾಗಿ ಬಂದರೆ ಅವರಿಗೂ ಲಾಭವಿಲ್ಲ, ಸೀಮೆಯೂ ಕೆಡುತ್ತದೆ ಎಂಬುದು ಅವರ ವಾದ. ಅವರನ್ನು ನಾವು ಹಗುರವಾಗಿ ಹಳಿಯಬಾರದು. ಚೆಲುವನ್ನು ಕಾಪಾಡಬೇಕು ಎಂಬ ಆಸೆಗೂ ಎಲ್ಲರಿಗೂ ಹಂಚಬೇಕು ಎಂಬ ಆಸೆಗೂ ನಡುವೆ ಒಂದು ಎಳೆದಾಟವಿದೆ. ಈ ಕಥೆಯುದ್ದಕ್ಕೂ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಲ್ಯಾಟ್ರಿಗ್ ಗುಡ್ಡದ ಮೇಲೆ ಎರಡು ಸಾವಿರ ಜನ

ಕೆಸ್ವಿಕ್‌ಗೆ ಪ್ರಯಾಣಿಕರ ರೈಲು 1865ರಲ್ಲಿ ಬಂತು. ಜನ ಹೆಚ್ಚಿದರು. ಜನ ಹೆಚ್ಚಿದಂತೆ ಕೆಲವು ಭೂಮಾಲೀಕರಿಗೆ ತಮ್ಮ ತೋಟದ ಅಂಚಿನಲ್ಲಿ, ಮರ ನೆಟ್ಟ ಗುಡ್ಡದಲ್ಲಿ ಅಪರಿಚಿತರು ಓಡಾಡುವುದು ಬೇಸರವಾಯಿತು. ಹಳೆಯ ದಾರಿಗಳಿಗೆ ಬೇಲಿ ಬಿತ್ತು, ಗೇಟುಗಳಿಗೆ ಬೀಗ ಬಿತ್ತು.

ಊರಿನ ಮಗ್ಗುಲಲ್ಲೇ ಲ್ಯಾಟ್ರಿಗ್ ಎಂಬ ಗುಡ್ಡವಿದೆ. ಎತ್ತರ 368 ಮೀಟರ್. ಸ್ಕಿಡ್ಡಾ ಬೆಟ್ಟದ ಮರಿಯಂತೆ ಅದರ ಕಾಲ ಬಳಿ ಕುಳಿತಿದೆ. ಸಂಜೆ ಕೆಲಸ ಮುಗಿಸಿದ ಮೇಲೆ ಊರಿನವರು ಹತ್ತಿ ಬರುವಂಥ ಗುಡ್ಡ. ಸ್ಪೆಡ್ಡಿಂಗ್ ಮನೆತನದ ಒಡೆತನದಲ್ಲಿದ್ದ ಈ ಗುಡ್ಡದ ದಾರಿಯನ್ನು ಮುಚ್ಚಿದಾಗ ಊರಿನ ಕಾಲುದಾರಿ ರಕ್ಷಣಾ ಸಂಘ ಎದ್ದು ನಿಂತಿತು. ಸಂಘದ ಅಧ್ಯಕ್ಷರು ಹಾರ್ಡ್‌ವಿಕ್ ರಾನ್ಸ್‌ಲಿ. ಅವರು 1883ರಿಂದ ಕೆಸ್ವಿಕ್‌ನ ಕ್ರಾಸ್‌ತ್ವೇಟ್ ಚರ್ಚಿನ ಪಾದ್ರಿ. ಅವರೊಡನೆ ಇದ್ದವರು ಪ್ರವಾಸ ಕೈಪಿಡಿಗಳ ಲೇಖಕ ಹೆನ್ರಿ ಜೆಂಕಿನ್ಸನ್.

1887ರ ಅಕ್ಟೋಬರ್ 1ರಂದು ಸುಮಾರು ಎರಡು ಸಾವಿರ ಜನ ಸೇರಿ, ಅಡೆತಡೆಗಳನ್ನು ತೆಗೆದುಹಾಕಿ ಲ್ಯಾಟ್ರಿಗ್ ನೆತ್ತಿಗೆ ಏರಿದರು. ಇಷ್ಟು ಚಿಕ್ಕ ಊರಿಗೆ ಇದು ಎಷ್ಟು ದೊಡ್ಡ ಸಂಖ್ಯೆ ಎಂದು ನೀವೇ ಊಹಿಸಿ. ವಿಷಯ ನ್ಯಾಯಾಲಯಕ್ಕೆ ಹೋಯಿತು. 1888ರ ಜುಲೈನಲ್ಲಿ ಕಾರ್ಲೈಲ್ ನಗರದಲ್ಲಿ ವಿಚಾರಣೆಗೆ ಬಂದಾಗ ಎರಡೂ ಕಡೆಯವರು ರಾಜಿಯಾದರು. ಕೇಳಿದ ದಾರಿಗಳೆಲ್ಲ ಸಿಗಲಿಲ್ಲ. ಆದರೆ ನೆತ್ತಿಗೆ ಹೋಗುವ ಒಂದು ದಾರಿ ಸಾರ್ವಜನಿಕರದು ಎಂದು ಖಾತ್ರಿಯಾಯಿತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ತಿಳಿದುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ನೆಲ ಒಬ್ಬರದಾಗಿದ್ದು, ಅದರ ಮೇಲಿನ ದಾರಿ ಎಲ್ಲರದೂ ಆಗಬಹುದು. ಬಹುಕಾಲ ಯಾರ ಅಪ್ಪಣೆಯನ್ನೂ ಕೇಳದೆ, ಬಚ್ಚಿಟ್ಟುಕೊಳ್ಳದೆ, ಜನ ನಡೆದಿದ್ದರೆ ಅಲ್ಲಿ ಹಕ್ಕು ಹುಟ್ಟುತ್ತದೆ. ಆ ಬಹುಕಾಲ ಎಂದರೆ ಎಷ್ಟು ಎಂಬ ಪ್ರಶ್ನೆಗೆ 1932ರ ಕಾನೂನು 20 ವರ್ಷ ಎಂದು ಉತ್ತರ ಕೊಟ್ಟಿತು. ಹಾಗಾಗಿ ದಾರಿಯ ವ್ಯಾಜ್ಯದಲ್ಲಿ ಹಳಬರ ನೆನಪು ಬಹಳ ಬೆಲೆಯುಳ್ಳದ್ದು. 'ನಮ್ಮಪ್ಪನ ಕೈ ಹಿಡಿದು ಈ ದಾರಿಯಲ್ಲಿ ನಡೆದಿದ್ದೆ' ಎಂದು ಒಬ್ಬ ಮುದುಕ ಹೇಳುವ ಮಾತೂ ಅಲ್ಲಿ ಸಾಕ್ಷ್ಯವಾಗುತ್ತದೆ. ಕುರಿಗಾಹಿಗಳು ಬರೆದಿಡದ ಹಕ್ಕನ್ನು ಅವರ ಹೆಜ್ಜೆಗಳೇ ಬರೆದಿಟ್ಟಿದ್ದವು ಎನ್ನಬಹುದು.

ಜನ ಕೊಂಡುಕೊಂಡ ಕಾಡು

ಒಂದೊಂದು ದಾರಿಗೂ ಒಂದೊಂದು ಮೊಕದ್ದಮೆ ನಡೆಸುವುದು ಸಾಧ್ಯವೇ? ನೆಲವನ್ನೇ ಜನರ ಪರವಾಗಿ ಕೊಂಡುಕೊಂಡರೆ ಹೇಗೆ? ಈ ಯೋಚನೆಯಿಂದ 1895ರ ಜನವರಿಯಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಸ್ಥಾಪಕರು ಮೂವರು. ಲಂಡನ್ನಿನ ಬಡವರ ಮನೆಗಳಿಗಾಗಿ ದುಡಿದ ಆಕ್ಟೇವಿಯಾ ಹಿಲ್, ವಕೀಲರಾದ ರಾಬರ್ಟ್ ಹಂಟರ್ ಮತ್ತು ನಮ್ಮ ಕೆಸ್ವಿಕ್ ಪಾದ್ರಿ ರಾನ್ಸ್‌ಲಿ.

ಡರ್ವೆಂಟ್‌ವಾಟರಿನ ಪಶ್ಚಿಮ ದಂಡೆಯಲ್ಲಿ ಬ್ರ್ಯಾಂಡಲ್‌ಹೌ ಎಂಬ ಕಾಡು ಮಾರಾಟಕ್ಕೆ ಬಂತು. ಸುಮಾರು ನೂರು ಎಕರೆ. ಬೆಲೆ 6,500 ಪೌಂಡ್. ಅದು ಕೈಬಿಟ್ಟರೆ ದಂಡೆಯ ತುಂಬ ಬಂಗಲೆಗಳು ಏಳುವ ಭಯವಿತ್ತು. ಚಂದಾ ಎತ್ತಿದಾಗ ಸಿರಿವಂತರು ಮಾತ್ರವಲ್ಲ, ಕಾರ್ಖಾನೆಯ ಕೆಲಸಗಾರರೂ ಕೆಲವೇ ಷಿಲಿಂಗುಗಳನ್ನು ಕಳಿಸಿಕೊಟ್ಟರು. 1902ರ ಅಕ್ಟೋಬರ್ 16ರಂದು ವಿಕ್ಟೋರಿಯಾ ರಾಣಿಯ ಮಗಳು ಲೂಯಿಸ್ ಬಂದು ಆ ಕಾಡನ್ನು ಸಾರ್ವಜನಿಕರಿಗೆ ತೆರೆದರು. ಸರೋವರ ಸೀಮೆಯಲ್ಲಿ ಟ್ರಸ್ಟಿಗೆ ಅದೇ ಮೊದಲ ಆಸ್ತಿ. 1920ರಲ್ಲಿ ರಾನ್ಸ್‌ಲಿ ತೀರಿಕೊಂಡ ಮೇಲೆ ಅವರ ನೆನಪಿಗಾಗಿ ಕೆಸ್ವಿಕ್ ಪಕ್ಕದ ಫ್ರಯರ್ಸ್ ಕ್ರ್ಯಾಗ್ ಎಂಬ ಬಂಡೆಯನ್ನೂ ಟ್ರಸ್ಟಿಗಾಗಿ ಕೊಳ್ಳಲಾಯಿತು. ಇಂದು ಡರ್ವೆಂಟ್‌ವಾಟರನ್ನು ಸುತ್ತಿ ಬರುವ ಹತ್ತು ಮೈಲಿಯ ನಡಿಗೆಯಲ್ಲಿ ಈ ಎರಡೂ ಜಾಗಗಳು ಸಿಗುತ್ತವೆ.

ಗಿರಣಿಯವರ ರಜೆ

ನೆಲವೇನೋ ಸಿಕ್ಕಿತು. ಆದರೆ ಹತ್ತಿಗಿರಣಿಯಲ್ಲಿ ದುಡಿಯುವ ಹುಡುಗನಿಗೆ ಅಲ್ಲಿಗೆ ಬರಲು ಬಿಡುವೆಲ್ಲಿ, ಉಳಿಯಲು ಹಣವೆಲ್ಲಿ? ಇದಕ್ಕೆ ದಾರಿ ತೋರಿದವರು ಥಾಮಸ್ ಆರ್ಥರ್ ಲಿಯೊನಾರ್ಡ್. ಲ್ಯಾಂಕಾಷೈರಿನ ಕೋಲ್ನ್ ಎಂಬ ಗಿರಣಿ ಪಟ್ಟಣದಲ್ಲಿ ಅವರು ಧರ್ಮಬೋಧಕರಾಗಿದ್ದರು. ವರ್ಷವಿಡೀ ಕೂಡಿಟ್ಟ ಹಣವನ್ನು ಗಿರಣಿಯವರು ರಜೆಯಲ್ಲಿ ಕಡಲತೀರದ ಗದ್ದಲದ ಊರುಗಳಲ್ಲಿ ಕಳೆಯುವುದನ್ನು ಕಂಡು ಅವರಿಗೆ ಬೇಸರವಾಯಿತು. 1891ರಲ್ಲಿ ತಮ್ಮ ಸಂಘದ ತರುಣರನ್ನು ಸರೋವರ ಸೀಮೆಯ ಆಂಬಲ್‌ಸೈಡ್ ಊರಿಗೆ ನಡಿಗೆಯ ರಜೆಗೆ ಕರೆದುಕೊಂಡು ಹೋದರು. ಅಲ್ಲಿಂದ ಸಹಕಾರಿ ರಜೆಗಳ ಚಳವಳಿಯೇ ಬೆಳೆಯಿತು. ಸರಳ ವಸತಿ, ಸರಳ ಊಟ, ಹಗಲೆಲ್ಲ ಬೆಟ್ಟದ ನಡಿಗೆ. ಖರ್ಚನ್ನು ಹಂಚಿಕೊಳ್ಳುವುದು. 1913ರಲ್ಲಿ ಲಿಯೊನಾರ್ಡ್ ಹುಟ್ಟುಹಾಕಿದ ಹಾಲಿಡೇ ಫೆಲೋಷಿಪ್ ಎಂಬ ಸಂಸ್ಥೆಯ ಮೊದಲ ಮನೆಗಳಲ್ಲಿ ಒಂದು ಕೆಸ್ವಿಕ್ ಪಕ್ಕದ ನ್ಯೂಲ್ಯಾಂಡ್ಸ್ ಕಣಿವೆಯಲ್ಲಿತ್ತು. ಒಂದು ಕಾಲಕ್ಕೆ ಜರ್ಮನ್ ಗಣಿಗಾರರು ದುಡಿದ ಅದೇ ಕಣಿವೆ.

ಬ್ರ್ಯಾಂಡಲ್‌ಹೌ ಕಾಡಿನ ಮೇಲೆ ಕ್ಯಾಟ್‌ಬೆಲ್ಸ್ ಎಂಬ ಗುಡ್ಡವಿದೆ. ಎತ್ತರ 451 ಮೀಟರ್. ಆಲ್ಫ್ರೆಡ್ ವೇನ್‌ರೈಟ್ ಎಂಬುವರು 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ ಸರೋವರ ಸೀಮೆಯ 214 ಬೆಟ್ಟಗಳನ್ನು ಕೈಬರಹದಲ್ಲಿ, ಕೈಚಿತ್ರದಲ್ಲಿ ಪರಿಚಯಿಸಿದರು. ಅಜ್ಜಿಯೂ ಮೊಮ್ಮಗುವೂ ಜೊತೆಯಾಗಿ ಏರಬಹುದಾದ ಬೆಟ್ಟವೆಂದು ಅವರು ಮೆಚ್ಚಿಕೊಂಡದ್ದು ಇದೇ ಕ್ಯಾಟ್‌ಬೆಲ್ಸನ್ನು. ಅದರ ಮಗ್ಗುಲಿನ ದಾರಿಯಲ್ಲಿ ಬಂಡೆಗೆ ಹೊಂದಿಸಿದ ಒಂದು ಫಲಕವಿದೆ. ಅದು ಲಿಯೊನಾರ್ಡ್ ಅವರ ಸ್ಮಾರಕ.

ಮುಂದಿನ ಹೆಜ್ಜೆಗಳು ಸರೋವರ ಸೀಮೆಯ ಹೊರಗೂ ನಡೆದವು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಪಕ್ಕದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ತರುಣ ಕೆಲಸಗಾರರು ನಿಷೇಧ ಮುರಿದು ಏರಿದರು. ಐವರಿಗೆ ಜೈಲಾಯಿತು. ಜೈಲುಶಿಕ್ಷೆಯ ಸುದ್ದಿಯೇ ಅವರ ಬೇಡಿಕೆಗೆ ದೇಶವೆಲ್ಲ ಬೆಂಬಲ ತಂದಿತು. 1945ರಲ್ಲಿ ಜಾನ್ ಡವರ್ ಎಂಬ ವಾಸ್ತುಶಿಲ್ಪಿ, ದೇಶಕ್ಕೆ ಎಂಥ ರಾಷ್ಟ್ರೀಯ ಉದ್ಯಾನಗಳು ಬೇಕು ಎಂಬ ವರದಿಯನ್ನು ಸರ್ಕಾರಕ್ಕೆ ಕೊಟ್ಟರು. ಆಗ ಅವರು ಕ್ಷಯರೋಗದಿಂದ ಬಳಲುತ್ತಿದ್ದರು. ಬೆಟ್ಟಗಳನ್ನು ಪ್ರೀತಿಸಿದ ಆ ಮನುಷ್ಯ 1947ರಲ್ಲಿ ತೀರಿಕೊಂಡರು. ಕಾನೂನು ಬಂದದ್ದು 1949ರಲ್ಲಿ. 1951ರಲ್ಲಿ ಸರೋವರ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟಬಯಲಿನಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕನ್ನು 2000ದ ಇನ್ನೊಂದು ಕಾನೂನು ಕೊಟ್ಟಿತು. 2017ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಡಬೆ ಇಲ್ಲದ ಮೈಲಿಗಳು

ಇಷ್ಟಾದ ಮೇಲೆ ಎಲ್ಲರಿಗೂ ದಾರಿ ತೆರೆಯಿತು ಎನ್ನೋಣವೇ? ಕಾಗದದ ಮೇಲೆ ಹೌದು. ಆದರೆ ಹೊಲದ ಬೇಲಿಯ ಬಳಿ ಬಂದು ನಿಂತು ನೋಡಿ. ಬೇಲಿಯನ್ನು ಮನುಷ್ಯರು ದಾಟಬೇಕು, ಕುರಿ ದನ ದಾಟಬಾರದು. ಅದಕ್ಕಾಗಿ ಮೆಟ್ಟಿಲಿನಂತೆ ಕಲ್ಲು ಅಥವಾ ಹಲಗೆ ಇಡುತ್ತಾರೆ. ನಮ್ಮ ಮಲೆನಾಡಿನವರು ಇದಕ್ಕೆ ತಡಬೆ ಎನ್ನುತ್ತಾರೆ. ಗಾಲಿಕುರ್ಚಿಯವರಿಗೆ, ಕೈಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡು ಬರುವ ತಾಯಿಗೆ, ಮೊಣಕಾಲು ಮಡಚಲಾಗದ ಮುದುಕನಿಗೆ ಈ ತಡಬೆಯೇ ಮುಚ್ಚಿದ ಬಾಗಿಲು. ಅವರನ್ನು ತಡೆಯಬೇಕೆಂದು ಯಾರೂ ಅದನ್ನು ಇಟ್ಟದ್ದಲ್ಲ. ಅವರ ನೆನಪು ಬಾರದೆ ಇಟ್ಟದ್ದು. ಬೇಕೆಂದು ಹಾಕಿದ ಬೀಗ ಒಂದು ಬಗೆಯದು, ಮರೆತು ಹಾಕಿದ ಬೀಗ ಇನ್ನೊಂದು ಬಗೆಯದು. ಆಚೆ ಬದಿಯಲ್ಲಿ ನಿಂತವರಿಗೆ ಮಾತ್ರ ಎರಡೂ ಒಂದೇ.

ಈ ಅರಿವಿನಿಂದ ರಾಷ್ಟ್ರೀಯ ಉದ್ಯಾನದ ಆಡಳಿತ 'ತಡಬೆ ಇಲ್ಲದ ಮೈಲಿಗಳು' ಎಂಬ ಅರ್ಥದ ಹೆಸರಿನಲ್ಲಿ ಹಲವಾರು ದಾರಿಗಳನ್ನು ಸಿದ್ಧಪಡಿಸಿತು. ಅವುಗಳನ್ನು ಮೂರು ವರ್ಗ ಮಾಡಿದೆ: ಎಲ್ಲರಿಗೆ, ಹಲವರಿಗೆ, ಕೆಲವರಿಗೆ. 'ಎಲ್ಲರಿಗೆ' ಎಂಬ ದಾರಿಯಲ್ಲಿ ಏರು ಹತ್ತು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚಿರಬಾರದು, ನೆಲ ನುಣುಪಾಗಿರಬೇಕು, ಅಗಲ ಕನಿಷ್ಠ ಒಂದು ಮೀಟರ್ ಇರಬೇಕು. 'ಹಲವರಿಗೆ' ಎಂಬಲ್ಲಿ ಏರು ಎಂಟು ಮೀಟರಿಗೆ ಒಂದು ಮೀಟರಿನವರೆಗೆ ಇರಬಹುದು. ಗಾಲಿಕುರ್ಚಿಯನ್ನು ತಳ್ಳಲು ಒಬ್ಬರು ಜೊತೆಗಿದ್ದರೆ ಒಳ್ಳೆಯದು. 'ಕೆಲವರಿಗೆ' ಎಂಬುದು ತೋಳಿನಲ್ಲಿ ಕಸುವೂ ಮನಸ್ಸಿನಲ್ಲಿ ಧೈರ್ಯವೂ ಇರುವ ಗಾಲಿಕುರ್ಚಿಯವರಿಗೆ. ಇಲ್ಲಿ ಒಂದು ಸೂಕ್ಷ್ಮವಿದೆ. 'ನಿಮ್ಮ ಕೈಲಾಗದು' ಎಂದು ಈ ವರ್ಗೀಕರಣ ಯಾರಿಗೂ ಹೇಳುವುದಿಲ್ಲ. ದಾರಿ ಹೇಗಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ತೀರ್ಮಾನವನ್ನು ಬಂದವರಿಗೇ ಬಿಡುತ್ತದೆ.

ಈ ದಾರಿಗಳಲ್ಲಿ ಒಂದು ಎಲ್ಲಿದೆ ಗೊತ್ತೇ? ಅದೇ ಲ್ಯಾಟ್ರಿಗ್ ಗುಡ್ಡದಲ್ಲಿ. ಗುಡ್ಡದ ಹಿಂಬದಿಯಲ್ಲಿ ಎತ್ತರದವರೆಗೂ ಕಾರು ಹೋಗುತ್ತದೆ. ಅಲ್ಲಿಂದ ಹದವಾದ ಏರಿನ ದಾರಿ. 1887ರಲ್ಲಿ ಎರಡು ಸಾವಿರ ಜನ ಬೇಲಿ ಕಿತ್ತು ನಿಂತ ನೆತ್ತಿಗೆ ಇಂದು ಗಾಲಿಕುರ್ಚಿಯೂ ತಲುಪುತ್ತದೆ. ಡರ್ವೆಂಟ್‌ವಾಟರ್ ಪೂರ್ತಿಯಾಗಿ ಕಣ್ಣ ಮುಂದೆ ಹರಡಿಕೊಳ್ಳುತ್ತದೆ.

ಟಾರು ಹಾಕಬೇಕೇ?

ಇನ್ನೊಂದು ದಾರಿಯ ಕಥೆ ಹೇಳಿ ಮುಗಿಸುತ್ತೇನೆ. 1865ರಲ್ಲಿ ಬಂದ ರೈಲು 1972ರ ಮಾರ್ಚಿನಲ್ಲಿ ನಿಂತಿತು. ಹಳಿ ಕಿತ್ತ ಮೇಲೆ ಕೆಸ್ವಿಕ್‌ನಿಂದ ಥ್ರೆಲ್‌ಕೆಲ್ಡ್ ಹಳ್ಳಿಯವರೆಗಿನ ಸುಮಾರು ಐದು ಕಿಲೋಮೀಟರ್ ನಡಿಗೆಯ ದಾರಿಯಾಯಿತು. ಗ್ರೀಟಾ ನದಿಯನ್ನು ಮತ್ತೆ ಮತ್ತೆ ದಾಟುತ್ತ ಹೋಗುವ ದಾರಿ ಅದು. ರೈಲು ಕಡಿದಾದ ಏರನ್ನು ಹತ್ತಲಾರದು. ಹಾಗಾಗಿ ರೈಲುದಾರಿ ಹದವಾಗಿಯೇ ಇರುತ್ತದೆ. ಉಗಿಬಂಡಿಗೆಂದು ಸಮ ಮಾಡಿದ ನೆಲ ನೂರು ವರ್ಷಗಳ ಮೇಲೆ ಗಾಲಿಕುರ್ಚಿಗೆ ಒದಗಿ ಬಂತು. 1883ರಲ್ಲಿ ರಾನ್ಸ್‌ಲಿಯವರು ಬಟರ್‌ಮಿಯರ್ ಕಡೆಗೆ ಇನ್ನೊಂದು ರೈಲು ಬಾರದಂತೆ ಹೋರಾಡಿ ಗೆದ್ದವರು. ಅವರು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!

2015ರ ಡಿಸೆಂಬರ್ 5ರಂದು 'ಡೆಸ್ಮಂಡ್' ಎಂಬ ಬಿರುಮಳೆ ಬಂತು. ಬಾರೊಡೇಲಿನ ತುದಿಯ ಹಾನಿಸ್ಟರ್‌ನಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಅಷ್ಟು ಮಳೆಯನ್ನು ಒಂದು ದಿನದಲ್ಲಿ ಯಾರೂ ಅಳೆದಿರಲಿಲ್ಲ. ಗ್ರೀಟಾ ನದಿ ಈ ದಾರಿಯ ಎರಡು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ಕಟ್ಟುವಾಗ ಒಂದು ವಾದ ಎದ್ದಿತು. ದಾರಿಗೆ ಟಾರು ಹಾಕಬೇಕೇ? ಹಾಕಿದರೆ ಕಾಡುದಾರಿಯ ಸೊಗಸು ಹೋಗಿ ಪೇಟೆಯ ರಸ್ತೆಯಾಗುತ್ತದೆ ಎಂದರು ಒಂದು ಕಡೆಯವರು. ಹಾಕದಿದ್ದರೆ ಪ್ರತಿ ಮಳೆಗೂ ಜಲ್ಲಿ ಕಿತ್ತುಹೋಗಿ ಗಾಲಿಕುರ್ಚಿ ಸಿಕ್ಕಿಕೊಳ್ಳುತ್ತದೆ ಎಂದರು ಇನ್ನೊಂದು ಕಡೆಯವರು. ಕೊನೆಗೆ ಟಾರು ಹಾಕಿಯೇ 2020ರ ಡಿಸೆಂಬರಿನಲ್ಲಿ, ಬಿರುಮಳೆಯಾದ ಐದು ವರ್ಷಕ್ಕೆ, ದಾರಿಯನ್ನು ತೆರೆದರು. ಹೆದ್ದಾರಿ ಮಾಡುವಾಗ ಮಣ್ಣಿನಡಿ ಹೂತುಹೋಗಿದ್ದ ಹಳೆಯ ರೈಲು ಸುರಂಗವೊಂದನ್ನೂ ಅಗೆದು ತೆರೆದರು.

ಈ ವಾದದಲ್ಲಿ ಯಾರು ಸರಿ? ಇದು 1844ರ ವರ್ಡ್ಸ್‌ವರ್ತ್ ವಾದವೇ ಹೊಸ ವೇಷದಲ್ಲಿ ಬಂದದ್ದು ಎಂದು ನಿಮಗೂ ಹೊಳೆದಿರಬಹುದು. ಚೆಲುವು ಉಳಿಯಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಕ್ಯಾಟ್‌ಬೆಲ್ಸ್‌ನಂಥ ಗುಡ್ಡಗಳು ಸಾವಿರಾರು ಕಾಲುಗಳಿಂದ ಸವೆದು, ಸ್ವಯಂಸೇವಕರು ಕಲ್ಲು ಹಾಸಿ ದುರಸ್ತಿ ಮಾಡುತ್ತಲೇ ಇರಬೇಕಾಗಿದೆ. ಬೆಟ್ಟದ ಪ್ರತಿಯೊಂದು ದಾರಿಗೂ ಟಾರು ಹಾಕಿ ಎಂದು ಯಾರೂ ಕೇಳುತ್ತಿಲ್ಲ, ಕೇಳಬಾರದು ಕೂಡ. ಆದರೆ ಸ್ಕಿಡ್ಡಾ ಏರಬಲ್ಲವನಿಗೆ ನೂರು ದಾರಿಗಳಿವೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಇರುವುದು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯ ದಾರಿಯಲ್ಲಿ ಯಾರ ಮಾತಿಗೆ ಹೆಚ್ಚು ತೂಕ ಇರಬೇಕು ಎಂಬುದೇ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ನೀವು ಬೇರೆ ಉತ್ತರ ಕೊಡಬಹುದು. ಆದರೆ ಉತ್ತರ ಕೊಡುವ ಮೊದಲು ತಡಬೆಯ ಆಚೆ ನಿಂತವರನ್ನು ಒಮ್ಮೆ ನೆನೆಯಿರಿ.

ಮಿತ್ರರೇ, ಈ ಕಥೆಯನ್ನು ಒಮ್ಮೆ ಹಿಂದಿರುಗಿ ನೋಡಿ. ಕುರಿಗಾಹಿ ಮಾಡಿದ ದಾರಿಗೆ ಕವಿ ಬಂದರು. ಕವಿಯ ತಂಗಿ ಏರಿದರು, ಹೆಸರು ಉಳಿಯಲಿಲ್ಲ. ಊರಿನವರು ಬೇಲಿ ಕಿತ್ತರು. ಗಿರಣಿಯ ಹುಡುಗರು ಬಂದರು. ಅಜ್ಜಿ ಮೊಮ್ಮಕ್ಕಳು ಬಂದರು. ಕೊನೆಗೆ ಗಾಲಿಕುರ್ಚಿಯವರು ಬಂದರು. ಪ್ರತಿ ಸಲವೂ ಅದಾಗಲೇ ಒಳಗಿದ್ದವರಲ್ಲಿ ಕೆಲವರು 'ಇನ್ನು ಸಾಕು' ಎಂದರು. ಪ್ರತಿ ಸಲವೂ ಹೊರಗಿದ್ದವರ ಪರವಾಗಿ ಯಾರಾದರೊಬ್ಬರು 'ಇನ್ನೂ ಇದ್ದಾರೆ' ಎಂದರು. ಆ ಎರಡನೆಯ ಮಾತಿನಿಂದಲೇ ದಾರಿ ಅಗಲವಾಯಿತು.

ನಾಳೆ ನೀವು ಶಾಲೆಗೋ ಕಾಲೇಜಿಗೋ ಹೋಗುವಾಗ ನಿಮ್ಮ ದಾರಿಯನ್ನೇ ಸ್ವಲ್ಪ ಗಮನವಿಟ್ಟು ನೋಡಿ. ಅದನ್ನು ಮೊದಲು ಯಾರು ತುಳಿದರು? ಈಗ ಅದರಲ್ಲಿ ನಡೆಯಲಾಗದೆ ಮನೆಯಲ್ಲೇ ಉಳಿದವರು ಯಾರಾದರೂ ಇದ್ದಾರೆಯೇ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಕೆಸ್ವಿಕ್‌ನ ಮುದುಕರ ನೆನಪು ಒಂದು ಗುಡ್ಡದ ದಾರಿಯನ್ನು ಉಳಿಸಲು ನೆರವಾಯಿತು. ನಿಮ್ಮ ಅಜ್ಜ ಅಜ್ಜಿಯರ ನೆನಪೂ ಒಂದು ದಿನ ನಿಮ್ಮ ಊರಿನ ದಾರಿಗೆ ಒದಗಬಹುದು.